ಬಲಗಡೆಯ ಗುಂಡಿ

ಮಾರ್ಕ್ಸ್ ಕೊಡುವುದರಲ್ಲಿ ಈ ಟೈಲರ್‌ನಷ್ಟು ಜಿಪುಣ ಹುಡುಕಿದರೂ ಸಿಗಲಾರ. ಹತ್ತೊಂಬತ್ತು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಜಪಾನಿ ಅನಿಮೆ ಸರಣಿಗಳನ್ನು ನೋಡಿದ್ದಾನೆ. ಕತೆಗೆ ಇಷ್ಟು, ಪಾತ್ರಗಳಿಗೆ ಇಷ್ಟು, ಚಿತ್ರಕ್ಕೆ ಇಷ್ಟು ಎಂದು ಗೆರೆ ಎಳೆದು ತನ್ನ ಅಳತೆ ಪುಸ್ತಕದಲ್ಲೇ ಬರೆದಿಟ್ಟಿದ್ದಾನೆ. ಒಂದಕ್ಕಾದರೂ ಹತ್ತಕ್ಕೆ ಹತ್ತು ಕೊಟ್ಟಿದ್ದಾನೆಯೇ? ಉಹೂಂ. ಎಂಟೂವರೆ ಮುಟ್ಟಿತೆಂದರೆ ಅವನ ಲೆಕ್ಕದಲ್ಲಿ ಅದು ದೊಡ್ಡ ಸರಣಿ.

ನಗಬೇಡಿ. ಐವತ್ತೆಂಟರ ಒಂಟಿ ಗಂಡಸು ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು ಬೊಂಬೆ ಚಿತ್ರಗಳಿಗೆ ಅಂಕ ಹಾಕುವುದು ಎಂದರೆ ನಗು ಬರುತ್ತದೆ, ನನಗೂ ಬಂದಿತ್ತು. ಅಂಗಡಿಯಲ್ಲಿ ಒಂದು ಹೊಲಿಗೆ ಮಿಷನ್ನು, ಒಂದು ಇಸ್ತ್ರಿಪೆಟ್ಟಿಗೆ, ಮೂಲೆ ಒಡೆದ ಕನ್ನಡಿ, ಎರಡು ಸ್ಟೂಲು. ಹೊಸ ಬಟ್ಟೆ ಹೊಲಿಸುವವರು ಈಗ ಯಾರಿದ್ದಾರೆ? ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಬೊಜ್ಜು ಬಂದವರ ಸೊಂಟ ಬಿಡಿಸುವುದು, ಇಷ್ಟೇ ಅವನ ದಿನ.

ಎರಡನೇ ಸ್ಟೂಲು ಅವನ ಅಣ್ಣನ ಮಗಳದು. ಅತ್ತಿಗೆ ತೀರಿಕೊಂಡಾಗ ಅವಳಿಗೆ ಏಳು ವರ್ಷ. ಅಣ್ಣ ಬಸ್ ಡ್ರೈವರ್, ಹೊತ್ತಿಲ್ಲ ಗೊತ್ತಿಲ್ಲ. ಶಾಲೆ ಬಿಟ್ಟ ಕೂಡಲೇ ಮಗು ಚಿಕ್ಕಪ್ಪನ ಅಂಗಡಿಗೆ ಬರಬೇಕು. ಅಳು ನಿಲ್ಲಿಸಲೆಂದು ಒಂದು ಹಳೆಯ ಪುಟ್ಟ ಟಿವಿ ತಂದಿಟ್ಟ. ಅವಳು ನೋಡುತ್ತಿದ್ದಳು, ಇವನು ಹೊಲಿಯುತ್ತ ಓರೆಗಣ್ಣಲ್ಲಿ ನೋಡುತ್ತಿದ್ದ. ಒಂದು ದಿನ ಮಿಷನ್ ನಿಲ್ಲಿಸಿ, "ಆ ಹುಡುಗನ ಕೋಟು ನೋಡು ಪುಟ್ಟಿ, ತೋಳು ಎತ್ತಿದ್ರೂ ಒಂದು ಸುಕ್ಕಿಲ್ಲ. ತಗಡಿನ ಕೋಟಾ ಅದು?" ಎಂದ. ಅವಳು ತಿಂಗಳುಗಳ ನಂತರ ಮೊದಲ ಬಾರಿ ನಕ್ಕಳು. ಅಲ್ಲಿಂದ ಶುರುವಾಯಿತು ಅಂಕ ಹಾಕುವ ಈ ಹುಚ್ಚು.

ನಿಯಮ ಒಂದೇ. ಸರಣಿ ಮುಗಿದ ಮೇಲೆ ಇಬ್ಬರೂ ಪುಸ್ತಕಕ್ಕೆ ಅಂಗೈ ಅಡ್ಡ ಹಿಡಿದು ಮುಚ್ಚಿಕೊಂಡು ತಮ್ಮ ತಮ್ಮ ಅಂಕ ಬರೆಯಬೇಕು, ಆಮೇಲೆ ಒಟ್ಟಿಗೆ ಕೈ ತೆಗೆಯಬೇಕು. ಕತೆ, ಪಾತ್ರಗಳ ವಿಷಯದಲ್ಲಿ ಅವಳದೇ ನಡೆಯುತ್ತಿತ್ತು. ಚಿತ್ರದಲ್ಲಿ ಮಾತ್ರ ಇವನು ಜಗ್ಗುತ್ತಿರಲಿಲ್ಲ. ಕಣ್ಣು ಎಷ್ಟೇ ಚಂದ ಬರೆದಿರಲಿ, ಆಕಾಶಕ್ಕೆ ಎಷ್ಟೇ ಬಣ್ಣ ಬಳಿದಿರಲಿ, ಪಾತ್ರ ಕೂತಾಗ ಪ್ಯಾಂಟು ಮೊಣಕಾಲಿನ ಹತ್ತಿರ ಮಡಿಕೆ ಬೀಳದಿದ್ದರೆ ಎರಡು ಅಂಕ ಕಟ್. "ಚಿಕ್ಕಪ್ಪಾ, ನೀನು ಮನುಷ್ಯರನ್ನ ನೋಡೋದೇ ಇಲ್ಲ, ಬಟ್ಟೆ ನೋಡ್ತೀಯ" ಎಂದು ಅವಳು ರೇಗುತ್ತಿದ್ದಳು. ಎಷ್ಟು ಸರಿಯಾಗಿ ಹೇಳಿದ್ದಳು ಎಂಬುದು ಈ ಮಹಾಶಯನ ತಲೆಗೆ ಹೋಗಲು ಹತ್ತೊಂಬತ್ತು ವರ್ಷ ಬೇಕಾಯಿತು.

ಅವಳು ಬೆಳೆದಳು. ಊರಿನ ಇನ್ನೊಂದು ತುದಿಯಲ್ಲಿ, ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಹಿಡಿದು ಹತ್ತಿರದಲ್ಲೇ ರೂಮು ಮಾಡಿಕೊಂಡಳು. ಭಾನುವಾರ ಮಾತ್ರ ತಪ್ಪದೆ ಬರುತ್ತಿದ್ದಳು. ಹೋದ ವರ್ಷ ಅಣ್ಣ ಡ್ಯೂಟಿ ಮುಗಿಸಿ ಮಲಗಿದವನು ಏಳಲೇ ಇಲ್ಲ. ಆಮೇಲೆ ಅವಳಿಗೆ ಇವನು, ಇವನಿಗೆ ಅವಳು, ಬೇರೆ ಯಾರಿದ್ದಾರೆ?

ನಾಲ್ಕು ತಿಂಗಳ ಹಿಂದಿನ ಭಾನುವಾರ ಅವಳು ಒಂದು ಸರಣಿಯ ಹೆಸರು ಹೇಳಿದಳು. ನದಿ ದಾಟಿಸುವ ದೋಣಿ ನಡೆಸುವ ಹುಡುಗಿಯ ಕತೆ, ಹನ್ನೆರಡು ಕಂತು. "ನಾನು ಆಗ್ಲೇ ನೋಡಿದೀನಿ. ನೀನು ನೋಡಿ ಹೇಳು ಚಿಕ್ಕಪ್ಪ. ನಿಧಾನಕ್ಕೆ ನೋಡು" ಎಂದಳು. ಕೈಯಲ್ಲಿ ಒಂದು ಕವರ್ ಇತ್ತು. ಏನದು ಎಂದು ಇವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬರುವಾಗ ತಂದಿದ್ದನ್ನು ಹೋಗುವಾಗ ತೆಗೆದುಕೊಂಡು ಹೋದಳು.

ಮೂರೇ ದಿನದಲ್ಲಿ ನೋಡಿ ಮುಗಿಸಿ, ಅಂಗೈ ಮುಚ್ಚುವ ನಿಯಮವನ್ನೂ ಮರೆತು, ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ: "ಕತೆ ಆರು. ಪಾತ್ರ ಏಳು. ಚಿತ್ರ ಮೂರು. ಹುಡುಗಿ ಅಂಗಿಗೆ ಗಂಡಸರ ಹಾಗೆ ಬಲಗಡೆ ಗುಂಡಿ ಬರೆದಿದ್ದಾರೆ. ಭುಜ ಜೋತು ಬಿದ್ದಿದೆ. ದಿನಾ ಬೆಳಗ್ಗೆ ಗುಂಡಿ ಹಾಕೋಕೆ ತಡಕಾಡ್ತಾಳೆ, ಸುಮ್ನೆ ಟೈಮ್ ವೇಸ್ಟು. ಬರೆದವನು ಜನ್ಮದಲ್ಲಿ ಹೆಂಗಸರ ಅಂಗಿ ನೋಡಿಲ್ಲ."

ತನ್ನ ಜಾಣತನಕ್ಕೆ ತಾನೇ ಬೀಗಿದ. ಅವಳು ಓದಿದಳು, ಉತ್ತರ ಬರೆಯಲಿಲ್ಲ. ಆ ಭಾನುವಾರ ಬರಲಿಲ್ಲ, ಮುಂದಿನ ಭಾನುವಾರವೂ ಇಲ್ಲ. "ಊಟ ಆಯ್ತಾ ಪುಟ್ಟಿ?" ಎಂದರೆ "ಹ್ಞೂ." "ಯಾವಾಗ ಬರ್ತೀಯ?" ಎಂದರೆ "ಕೆಲಸ ಜಾಸ್ತಿ." ತನ್ನಿಂದ ಏನೋ ತಪ್ಪಾಗಿದೆ ಎಂದು ಗೊತ್ತಾಯಿತು, ಏನೆಂದು ಹೊಳೆಯಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ. ಕೇಳಿದರೆ ಆ "ಹ್ಞೂ" ಕೂಡ ನಿಂತುಹೋದೀತು ಎಂಬ ಭಯ.

ಆದರೂ ನೋಡುವುದನ್ನು ಬಿಡಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಫೋನನ್ನು ದಾರದ ಉಂಡೆಗೆ ಒರಗಿಸಿ ಒಂಬತ್ತು ಸರಣಿ ಮುಗಿಸಿದ. ತನ್ನ ಅಂಕ ಬರೆಯುವಾಗ ಯಾರೂ ಇಲ್ಲದ ಅಂಗಡಿಯಲ್ಲಿ ಅಂಗೈ ಮುಚ್ಚಿಕೊಳ್ಳುತ್ತಿದ್ದ. ಅವಳ ಕಡೆಯ ಜಾಗಕ್ಕೆ ಸ್ಕೇಲ್ ಹಿಡಿದು ಗೆರೆ ಎಳೆದು ಖಾಲಿ ಬಿಡುತ್ತಿದ್ದ. ಎರಡನೇ ಸ್ಟೂಲಿನ ಮೇಲೆ ಬಟ್ಟೆ ಇಡಲು ಹೋದ ಗಿರಾಕಿಗೆ, "ಅಲ್ಲಿಡಬೇಡಿ, ಜನ ಬರ್ತಾರೆ" ಎಂದು ಸುಳ್ಳು ಹೇಳಿದ.

ಮೊನ್ನೆ ಮಂಗಳವಾರ ಕನ್ನಡಕದ ಹೆಂಗಸೊಬ್ಬರು ಬಂದರು. ಗಂಡಸರ ಚೌಕಳಿ ಅಂಗಿ ತಂದಿದ್ದರು, ತಮ್ಮ ಅಳತೆಗೆ ಚಿಕ್ಕದು ಮಾಡಬೇಕಂತೆ. ಇವನು ಟೇಪು ಹಿಡಿದು, ಅಭ್ಯಾಸಬಲದಿಂದ, "ಗುಂಡಿಪಟ್ಟಿನೂ ಎಡಗಡೆಗೆ ಬದಲಾಯಿಸಿ ಕೊಡ್ತೀನಿ ಮೇಡಂ" ಎಂದ.

"ಅಯ್ಯೋ ಬೇಡ. ಅದನ್ನ ಮಾತ್ರ ಮುಟ್ಟಬೇಡಿ."

"ಹಾಕ್ಕೊಳ್ಳೋಕೆ ಕೈ ತೊಡರುತ್ತೆ."

"ತೊಡರಲಿ. ನಮ್ಮನೆಯವರದು ಇದು, ಈಗ ಅವರಿಲ್ಲ. ದಿನಾ ಬೆಳಗ್ಗೆ ಒಂದು ಸಲ ಕೈ ತಪ್ಪಬೇಕು. ಆಗ ನೆನಪಾಗ್ತಾರೆ."

 ಇವನು ಗುಂಡಿಪಟ್ಟಿ ಬಿಟ್ಟು ಉಳಿದ ಅಳತೆ ಮಾತ್ರ ಬರೆದುಕೊಂಡ. ಅವರು ಹೋದ ಮೇಲೆ ಫೋನು ತೆಗೆದು ದೋಣಿ ಹುಡುಗಿಯ ಮೊದಲ ಕಂತು ಹಾಕಿದ. ಖಾಲಿ ಮನೆ. ಗೋಡೆಯ ಮೊಳೆಗೆ ತೂಗುಹಾಕಿದ ದೊಡ್ಡ ಅಂಗಿ. ಹುಡುಗಿ ಅದನ್ನು ಇಳಿಸಿ ತೊಡುತ್ತಾಳೆ, ಬೆರಳು ಎಡಗಡೆ ಗುಂಡಿ ಹುಡುಕಿ, ಸಿಗದೆ, ಒಂದು ಕ್ಷಣ ತಡೆದು ಬಲಕ್ಕೆ ಬರುತ್ತದೆ. ಹನ್ನೆರಡು ಕಂತಿನಲ್ಲಿ ಹನ್ನೆರಡು ಬೆಳಗು. ಅಪ್ಪ ಎಂಬ ಮಾತು ಒಮ್ಮೆಯೂ ಬರುವುದಿಲ್ಲ. ಅಂದು ಗುಂಡಿ ನೋಡಿದ್ದ, ಭುಜ ನೋಡಿದ್ದ, ಎಲ್ಲವನ್ನೂ ಯಾರಿಗೂ ಕಾಣದಷ್ಟು ಸೂಕ್ಷ್ಮವಾಗಿ ನೋಡಿದ್ದ, ಮೂರು ಅಂಕ ಹಾಕಿದ್ದ! "ಥೂ, ನನ್ನ ಕಣ್ಣಿಗಿಷ್ಟು" ಎಂದು ಜೋರಾಗಿಯೇ ಬೈದುಕೊಂಡ.

ಅಂಗಡಿಗೆ ಬೀಗ ಹಾಕಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಿಸಿ ಲ್ಯಾಬಿಗೆ ಹೋದ. ಅವಳು ಹೊರಗೆ ಬಂದಳು, ಕೈಯೆಲ್ಲ ಪ್ಲಾಸ್ಟರಿನ ಬಿಳಿ ಪುಡಿ. ಸೊರಗಿ ಇಳಿದುಹೋಗಿದ್ದಳು.

"ಏನ್ ಚಿಕ್ಕಪ್ಪ, ಇಷ್ಟು ದೂರ?"

 ಇವನು ದೋಣಿ ಹುಡುಗಿಯ ಪುಟ ಬಿಡಿಸಿ ಮುಂದೆ ಹಿಡಿದ. "ನಾನು ಮತ್ತೆ ಹಾಕಿದೀನಿ. ನಿಂದು ಹಾಕು" ಎಂದ. ತನ್ನ ಅಂಕದ ಮೇಲೆ ಅಂಗೈ ಇತ್ತು.

ಅವಳು ಬರೆಯಲಿಲ್ಲ. ಮುಂದಿನ ಹಾಳೆಗಳನ್ನು ತಿರುವಿದಳು. ಒಂಬತ್ತು ಸರಣಿ, ಒಂಬತ್ತು ಕಡೆ ಗೆರೆ ಎಳೆದು ಬಿಟ್ಟ ಖಾಲಿ ಜಾಗ.

"ಇಷ್ಟೂ ಒಬ್ನೇ ನೋಡಿದ್ಯಾ?"

"ಮತ್ತೆ ಯಾರ ಜೊತೆ ನೋಡ್ಲಿ?"

ಅವಳು ಒಳಗೆ ಹೋದಳು. ಮುಗಿಯಿತು, ಇನ್ನು ಬರುವುದಿಲ್ಲ ಎಂದುಕೊಂಡ. ಬಂದಳು. ಕೈಯಲ್ಲಿ ಅದೇ ಕವರ್, ಇಷ್ಟು ದಿನ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದ್ದು. ಒಳಗೆ ಅಣ್ಣನ ನೀಲಿ ಅಂಗಿ, ಇವನೇ ಹೊಲಿದದ್ದು.

"ಅವತ್ತೇ ಕೊಡೋಣ ಅಂತ ತಂದಿದ್ದೆ. ಬಾಯಿ ಬರಲಿಲ್ಲ. ಸರಣಿ ನೋಡಿದ್ರೆ ನೀನೇ ಅರ್ಥ ಮಾಡ್ಕೋತೀಯ ಅನ್ಕೊಂಡೆ" ಎಂದಳು. ಅಂಗಿ ಬಿಡಿಸಿ ಹಿಡಿದಳು. "ಭುಜ ಒಳಗೆ ತಗೋ. ಗುಂಡಿ..."

"ಗುಂಡಿ ಅಣ್ಣನ ಕಡೆನೇ ಇರುತ್ತೆ" ಎಂದು ಇವನು ತನ್ನ ಅಂಕದ ಮೇಲಿನ ಅಂಗೈ ತೆಗೆದ. ಚಿತ್ರದ ಕಾಲಂನಲ್ಲಿ, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಹತ್ತು.

ಒಳಗಿನಿಂದ ಯಾರೋ ಅವಳನ್ನು ಕರೆದರು. "ಭಾನುವಾರ ಬರ್ತೀನಿ" ಎಂದಳು, ಹೋದಳು.

ಸಂಜೆ ಅಂಗಡಿಯಲ್ಲಿ ಅಂಗಿ ಹರಡಿ ಭುಜದ ಹೊಲಿಗೆ ಬಿಚ್ಚಲು ಕತ್ತರಿ ಹಿಡಿದವನು ತಡೆದ. ಎದ್ದು ಅದನ್ನು ತಾನೇ ತೊಟ್ಟ. ಅಣ್ಣನ ಅಳತೆ, ತನ್ನ ಅಳತೆ ಎರಡೂ ಒಂದೇ. ಕೈ ಎಲ್ಲಾದರೂ ತಪ್ಪುತ್ತದೇನೋ ಎಂದು ಕಣ್ಣು ಮುಚ್ಚಿ ಒಂದೊಂದೇ ಗುಂಡಿ ಹಾಕಿದ. ಗಂಡಸರ ಅಂಗಿ, ಗಂಡಸಿನ ಕೈ. ಏಳೂ ಗುಂಡಿಗಳು ತಡವರಿಸದೆ ಬಿದ್ದವು. ಒಡೆದ ಕನ್ನಡಿಯ ಮುಂದೆ ನಿಂತು, "ಅಣ್ಣಾ" ಎಂದ, ಯಾರೂ ಓ ಎನ್ನಲಿಲ್ಲ.