ಸೊನ್ನೆಯಣ್ಣನ ಹನ್ನೆರಡು ತಿಂಗಳ ಮನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಲಿಗೆ ಮುಖ ಮಾಡಿದ ಕಟ್ಟಡದ ಮೂರನೇ ಮಹಡಿಯಲ್ಲಿ ನಡುವಯಸ್ಸಿನವರೊಬ್ಬರು ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ, ಟಾರ್ಚನ್ನು ಅಡ್ಡಲಾಗಿ ಹಿಡಿದು ಮಂಚದ ಅಡಿಗೆ ಕಣ್ಣು ಹಾಯಿಸುತ್ತಿದ್ದಾರೆ. ಬೆಳಕು ಮೇಲಿನಿಂದ ಬಿದ್ದರೆ ಕೂದಲು ಕಾಣುವುದಿಲ್ಲವಂತೆ, ಅಡ್ಡ ಬಿದ್ದರೆ ಅದಕ್ಕೊಂದು ನೆರಳು ಹುಟ್ಟುತ್ತದಂತೆ. ಸಿಕ್ಕಿತು ಒಂದು. ಒದ್ದೆ ಬೆರಳಿಗೆ ಅದನ್ನು ಅಂಟಿಸಿಕೊಂಡು ಎದ್ದು ಕೂರುತ್ತಾರೆ.

ನಿನ್ನೆಯವರೆಗೆ ಈ ಕೋಣೆಗಳಲ್ಲಿ ರಜೆಗೆ ಬಂದ ದೊಡ್ಡ ಸಂಸಾರವೊಂದು ಉಂಡು, ಜಗಳವಾಡಿ, ಮಲಗಿ ಎದ್ದು ಹೋಗಿದೆ. ಮಧ್ಯಾಹ್ನ ಬರುವವರಿಗೆ ಅದರ ಸುಳಿವೂ ಸಿಗಬಾರದು. ಸ್ನಾನದ ಮನೆಯ ಜಾಲರಿಯಿಂದ ಮರಳು ಬಳಿಯಬೇಕು, ಕಿಟಕಿ ಗಾಜಿನ ಮೇಲೆ ಕೂತ ಉಪ್ಪಿನ ಪೊರೆ ಒರೆಸಬೇಕು, ಚಾದರದ ಮೂಲೆಗಳನ್ನು ಹಾಸಿಗೆಯಡಿ ಬಿಗಿಯಾಗಿ ತುರುಕಬೇಕು, ಟವಲುಗಳನ್ನು ಸುರುಳಿ ಸುತ್ತಿ ಸಾಲಾಗಿ ನಿಲ್ಲಿಸಬೇಕು. ಕೊನೆಗೆ ಬಾಗಿಲ ಬಳಿ ನಿಂತು ಮೂಗರಳಿಸಿ ಗಾಳಿಯನ್ನೊಮ್ಮೆ ಮೂಸಬೇಕು.

“ಬಂದವರಿಗೆ ಈ ಮನೇಗೆ ನಾವೇ ಮೊದಲು ಕಾಲಿಟ್ಟಿದ್ದು ಅನ್ನಿಸ್ಬೇಕು. ಅಷ್ಟೇ ನನ್ನ ಕೆಲಸ. ಇದ್ದವರನ್ನ ಅಳಿಸಿಹಾಕೋದು,” ಎನ್ನುತ್ತಾರೆ ಸೊನ್ನೆಯಣ್ಣ.

ಇದು ಜೊತೆ ಕೆಲಸಗಾರರು ಇಟ್ಟ ಹೆಸರು. ದಿನಕ್ಕೆ ಆರೇಳು ಮನೆ ತೊಳೆದು ಮುಗಿಸಿದ ಮೇಲೆ ಮೇಲ್ವಿಚಾರಕಿ ಕೋಣೆ ಕೋಣೆ ತಿರುಗಿ ತಪ್ಪು ಹುಡುಕುತ್ತಾಳೆ. ಉಳಿದವರ ಪಾಲಿಗೆ ಎರಡೋ ಮೂರೋ ಸಿಗುತ್ತವೆ, ಇವರ ಪಾಲಿಗೆ ಯಾವಾಗಲೂ ಸೊನ್ನೆ. ಸೊನ್ನೆ ಎಂದು ಕರೆಸಿಕೊಂಡು ಎದೆಯುಬ್ಬಿಸುವ ಮನುಷ್ಯ ಈ ಊರಿಗೆಲ್ಲ ಇವರೊಬ್ಬರೇ ಇರಬೇಕು.

ಊರು ಎಂದರೆ ಇವರ ಊರಲ್ಲ, ದೇಶವೂ ಇವರದಲ್ಲ. ಹೆಂಡತಿ, ಪುಟ್ಟ ಮಗಳು ಮತ್ತು ಹೆಂಡತಿಯ ತಾಯಿಯೊಂದಿಗೆ ಹೊಟ್ಟೆಪಾಡಿಗೆಂದು ಈ ಕಡಲ ದೇಶಕ್ಕೆ ಬಂದು ಏಳು ವರ್ಷವಾಯಿತು. ಹೆಂಡತಿ ಬಂದರಿನ ಮೀನಿನ ಶೀತಲಗೃಹದಲ್ಲಿ ಡಬ್ಬಿ ತುಂಬುತ್ತಾರೆ. ಇಲ್ಲಿನ ಮಾತು ಈ ಇಬ್ಬರಿಗೆ ಅರ್ಧ ಬರುತ್ತದೆ, ಮಗಳಿಗೆ ಪೂರ್ತಿ ಬರುತ್ತದೆ, ಅತ್ತೆಗೆ ಒಂದಕ್ಷರವೂ ಬಾರದು. ಆದರೂ ಬೀದಿಯ ಹೆಂಗಸರೊಂದಿಗೆ ಎಲ್ಲರಿಗಿಂತ ಹೆಚ್ಚು ಮಾತಾಡುವವರು ಅತ್ತೆಯೇ.

ಕೆಲಸ ಸಿಕ್ಕಿತು, ಶಾಲೆ ಸಿಕ್ಕಿತು. ವರ್ಷವಿಡೀ ಇರಲು ಒಂದು ಮನೆ ಮಾತ್ರ ಸಿಗಲಿಲ್ಲ. ಚಳಿಗಾಲದಲ್ಲಿ ಇಲ್ಲಿನ ಮನೆಗಳು ಕೇಳುವವರಿಲ್ಲದೆ ಬಾಯಿ ಬಿಟ್ಟುಕೊಂಡು ಕೂತಿರುತ್ತವೆ. ಬೇಸಿಗೆಯಾಯಿತೆಂದರೆ ಅವಕ್ಕೇ ಎಲ್ಲಿಲ್ಲದ ಬೆಲೆ, ವಾರಕ್ಕೊಂದು ಸಂಸಾರ ಬಂದು ಇಳಿಯುತ್ತದೆ. ಹಾಗಾಗಿ ಸೊನ್ನೆಯಣ್ಣನಂಥವರಿಗೆ ಮನೆ ಕೊಡುವವರೆಲ್ಲ ಒಂದೇ ಕರಾರು ಹಾಕುತ್ತಾರೆ: ಬಿಸಿಲು ಏರುವ ಮೊದಲು ಗಂಟುಮೂಟೆ ಕಟ್ಟಬೇಕು. ಆಗ ಈ ಸಂಸಾರ ದಿಕ್ಕಾಪಾಲು. ಹೆಂಡತಿ ಶೀತಲಗೃಹದ ಹೆಂಗಸರ ವಸತಿಗೆ, ಮಗಳು ಮತ್ತು ಅತ್ತೆ ದೂರದ ಒಳನಾಡಿನ ನೆಂಟರ ಮನೆಗೆ, ಸೊನ್ನೆಯಣ್ಣ ಚಾದರದ ಮೂಟೆಗಳಿರುವ ಉಗ್ರಾಣಕ್ಕೆ.

“ಮೂಟೆ ಮೇಲೆ ನಿದ್ದೆ ಏನೋ ಚೆನ್ನಾಗೇ ಬರುತ್ತೆ. ಎಚ್ಚರ ಆದಾಗ ಮಾತ್ರ ನಾನು ಯಾವ ಮನೇಲಿದ್ದೀನಿ ಅಂತ ಗೊತ್ತಾಗಲ್ಲ. ಸ್ವಲ್ಪ ಹೊತ್ತು ಹಾಗೇ ಪಿಳಿಪಿಳಿ ನೋಡ್ತಾ ಇರ್ತೀನಿ,” ಎಂದು ನಗುತ್ತಾರೆ. ಆ ನಗುವಿನಲ್ಲಿ ನಗು ಕಡಿಮೆ.

ಒಂದು ಬೇಸಿಗೆಯಲ್ಲಿ, ಚಳಿಗಾಲವೆಲ್ಲ ತಾವೇ ಬಾಡಿಗೆಗಿದ್ದ ಮನೆಯನ್ನು ತೊಳೆಯಲು ಇವರನ್ನೇ ಕಳಿಸಿದರು. ಮಂಚದ ಅಡಿಗೆ ಟಾರ್ಚು ಹಾಕಿದರೆ ಮಗಳ ಕೂದಲಿನ ಕ್ಲಿಪ್ಪು. ಅತಿಥಿಗಳು ಬಿಟ್ಟುಹೋದ ವಸ್ತುವನ್ನು ಚೀಲಕ್ಕೆ ಹಾಕಿ ಕಚೇರಿಗೆ ಒಪ್ಪಿಸಬೇಕೆಂಬುದು ನಿಯಮ. ಇದು ಅತಿಥಿಯದೋ, ತಮ್ಮದೋ? ತಾವೂ ಅಲ್ಲಿ ಅತಿಥಿಗಳೇ ಆಗಿದ್ದರೇ? ಬಹಳ ಹೊತ್ತು ಕ್ಲಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದು, ಕೊನೆಗೆ ಚೀಲಕ್ಕೆ ಹಾಕಿ ಒಪ್ಪಿಸಿಬಿಟ್ಟರು. ಹೆಂಡತಿಯಿಂದ ಸರಿಯಾಗಿ ಮಂಗಳಾರತಿಯಾಯಿತು.

ಕಾಯಂ ಮನೆ ಹುಡುಕುವುದು ಬೇರೆಯೇ ಕಥೆ. ಒಬ್ಬ ದಲ್ಲಾಳಿ, ಕೆಲಸ ಕಾಯಂ ಆದ ಪತ್ರ ತಾ, ಮನೆ ಕೊಡಿಸುತ್ತೇನೆ ಎಂದ. ಪತ್ರ ಕೇಳಿದರೆ ಕೆಲಸದ ಕಚೇರಿಯವರು, ಕಾಯಂ ವಿಳಾಸ ಬರೆದುಕೊಡು, ಆಮೇಲೆ ಪತ್ರ ಎಂದರು. ಇನ್ನೊಬ್ಬ ದಲ್ಲಾಳಿ, ತನ್ನ ತಲೆಯ ಮೇಲೆಯೇ ‘ಬಾಡಿಗೆಗಿದೆ’ ಎಂಬ ಫಲಕ ತೂಗುತ್ತಿರುವಾಗಲೇ ಮನೆ ಹೋಯಿತು ಎಂದ. ಮಗದೊಬ್ಬ, ಇದೇ ಊರಲ್ಲಿ ಸ್ವಂತ ಮನೆಯಿರುವ ಯಾರಾದರೂ ಜಾಮೀನು ನಿಲ್ಲಬೇಕು ಎಂದ. “ಅಲ್ಲ, ಸ್ವಂತ ಮನೆ ಇರೋನು ನನಗೆ ಅಷ್ಟು ಬೇಕಾದವನಾಗಿದ್ರೆ, ಅವನ ಮನೇನೇ ಬಾಡಿಗೆಗೆ ಕೇಳ್ತಿರಲಿಲ್ವಾ?” ಎನ್ನುತ್ತಾರೆ ಸೊನ್ನೆಯಣ್ಣ. ಇದನ್ನೇ ಕೇಳಿದಾಗ ದಲ್ಲಾಳಿ ಸಾಲಿನಲ್ಲಿದ್ದ ಮುಂದಿನವರನ್ನು ಕರೆದನಂತೆ.

ಕಳೆದ ಚಳಿಗಾಲದ ಮೊದಲಿಗೆ, ಬೀದಿ ಹರಟೆಯಲ್ಲಿ ಅತ್ತೆಯೇ ಕೈಸನ್ನೆ ಬಾಯಿಸನ್ನೆ ಮಾಡಿ ಒಂದು ಮನೆ ಪತ್ತೆ ಹಚ್ಚಿದರು. ಹಿಂದಿನ ಓಣಿಯಲ್ಲಿ ಎರಡು ಕೋಣೆಯ ನೆಲಮಹಡಿ ಮನೆ. ಕಿಟಕಿಯಿಂದ ಕಡಲು ಕಾಣದು, ಎದುರು ಮನೆಯವರ ಒಣಹಾಕಿದ ಬಟ್ಟೆ ಕಾಣುತ್ತದೆ. ಒಡತಿ ನಿವೃತ್ತ ಹೊಲಿಗೆ ಟೀಚರು, ಗಂಡ ತೀರಿಕೊಂಡ ಮೇಲೆ ತಂಗಿಯ ಮನೆ ಸೇರಿದವರು. ಸೂಜಿಯಂಥ ಕಣ್ಣು, ಕತ್ತರಿಯಂಥ ಮಾತು.

“ಸದ್ಯಕ್ಕೆ ಚಳಿಗಾಲಕ್ಕೆ ಕೊಡ್ತೀನಿ,” ಎಂದಿದ್ದರು ಒಡತಿ. “ಬೇಸಿಗೆಗೆ ಮುಂಚೆ ಒಂದು ದಿನ ಬಂದು ಮನೆ ನೋಡ್ತೀನಿ. ನನಗೆ ಒಪ್ಪಿಗೆಯಾದ್ರೆ ಪೂರ್ತಿ ವರ್ಷದ ಪತ್ರಕ್ಕೆ ಸಹಿ ಹಾಕ್ತೀನಿ. ವರ್ಷ ವರ್ಷ ಅದೇ ಮುಂದುವರಿಯುತ್ತೆ.”

ಮನೆ ನೋಡುವುದೆಂದರೆ ಸೊನ್ನೆಯಣ್ಣನಿಗೆ ಗೊತ್ತಿದ್ದುದು ಒಂದೇ ಅರ್ಥ. ಒಡತಿ ಬರುವ ದಿನ ಗೊತ್ತಾದದ್ದೇ ರಜೆ ಹಾಕಿದರು. ಹೆಂಡತಿಯನ್ನು ಕೆಲಸಕ್ಕೂ, ಮಗಳು ಮತ್ತು ಅತ್ತೆಯನ್ನು ಉದ್ಯಾನಕ್ಕೂ ಅಟ್ಟಿದರು. ನಾಲ್ವರ ಬಟ್ಟೆಬರೆ, ಪಾತ್ರೆ, ಪುಸ್ತಕ, ಅತ್ತೆಯ ಎಣ್ಣೆ ಬಾಟಲಿ ಎಲ್ಲವೂ ಪೆಟ್ಟಿಗೆ ಸೇರಿ ಕಪಾಟಿನ ಒಳಗೆ ಕೂತವು. ಟಾರ್ಚು ನೆಲಕ್ಕೆ ಅಡ್ಡ ಬಿತ್ತು. ಚಾದರ ಬಿಗಿಯಾಯಿತು. ಟವಲುಗಳು ಸುರುಳಿಯಾಗಿ ಸಾಲು ನಿಂತವು. ಬಚ್ಚಲಿಗೊಂದು ಹೊಸ ಸೋಪು, ಕಾಗದ ಬಿಚ್ಚದ ಹಾಗೆಯೇ ಬಂತು. ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಯಾವ ಮನೆಯನ್ನೂ ತೊಳೆದಿರಲಿಲ್ಲ ಎನ್ನುತ್ತಾರೆ.

ಒಡತಿ ಬಂದರು. ಮೊದಲ ಕೋಣೆಯಲ್ಲಿ ಅವರ ಹುಬ್ಬು ಮೇಲೇರಿತು. ಮೆಚ್ಚಿಗೆ ಎಂದುಕೊಂಡರು ಸೊನ್ನೆಯಣ್ಣ. ಎರಡನೆಯ ಕೋಣೆಯಲ್ಲಿ ಹುಬ್ಬು ಗಂಟಿಕ್ಕಿತು. ಬಚ್ಚಲಲ್ಲಿ ಸೋಪನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಇಟ್ಟರು. ದಿಂಬನ್ನು ಮೂಸಿದರು. ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿಕೊಂಡು, “ಸಹಿ ಇಲ್ಲ. ತಿಂಗಳ ಕೊನೆಗೆ ಮನೆ ಬಿಡಿ,” ಎಂದು ನಡೆದೇಬಿಟ್ಟರು.

ಸೊನ್ನೆಯಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ. ಎಲ್ಲೋ ಒಂದು ಕೂದಲು ಉಳಿದಿರಬೇಕು ಎಂದುಕೊಂಡು ಮತ್ತೆ ನೆಲಕ್ಕೆ ಕೆನ್ನೆ ಹಚ್ಚಿದರು. ಸಂಜೆ ಮನೆಯವರು ಬಂದಾಗ ಕಿಟಕಿಯ ಸಂದಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದರಂತೆ. “ಕೊಳೆ ಇದೆ ಅಂತ ಬೈದಿದ್ರೆ ತಿಕ್ಕಬಹುದಿತ್ತು. ಏನೂ ಹೇಳದೆ ಹೋದ್ರೆ ಏನನ್ನ ತಿಕ್ಕೋದು?” ಎಂದು ಹೆಂಡತಿಯನ್ನೇ ಕೇಳಿದರು. ಹೆಂಡತಿ ಬ್ರಷ್ಷು ಕಿತ್ತುಕೊಂಡು, ಕೇಳುವುದಾದರೆ ಒಡತಿಯನ್ನೇ ಕೇಳಿ ಎಂದು ಗಂಡನನ್ನು ಹೊರಡಿಸಿದರು.

ತಂಗಿಯ ಮನೆಯ ಬಾಗಿಲಲ್ಲಿ ಒಡತಿ ಸಿಡಿಮಿಡಿಗೊಂಡರು. “ನನ್ನ ಕಣ್ಣಿಗೆ ಮಣ್ಣೆರಚ್ತೀಯಾ? ನಿಮಗಿಂತ ಮುಂಚೆ ಇದ್ದವರೂ ಹೀಗೇ ಮಾಡಿದ್ರು. ತಾವು ಬೇರೆ ಕಡೆ ಇದ್ಕೊಂಡು ನನ್ನ ಮನೇನ ರಜೆಗೆ ಬಂದವರಿಗೆ ಕದ್ದುಮುಚ್ಚಿ ಬಿಟ್ಟಿದ್ರು. ರಾತ್ರಿಯೆಲ್ಲ ಕುಡಿತ, ಕೂಗಾಟ, ಓಣಿಯವರೆಲ್ಲ ನನಗೆ ಛೀಮಾರಿ ಹಾಕಿದ್ರು. ಬಿಚ್ಚದ ಸೋಪು, ಸುತ್ತಿದ ಟವಲು! ಮನೆ ಅಂತ ಬದುಕೋರು ಹೀಗಿಡ್ತಾರಾ? ಅಲ್ಲಿ ಯಾರೂ ವಾಸ ಇಲ್ಲ.”

ಅರ್ಧ ಬರುವ ಭಾಷೆಯಲ್ಲಿ ಪೂರ್ತಿ ಸಂಕಟವನ್ನು ಹೇಳುವುದು ಹೇಗೆ? ಇದೇ ನನ್ನ ಕಸುಬು, ಕೈಗೆ ಬೇರೆ ಬಾರದು, ನಾವು ನಾಲ್ವರು ಅಲ್ಲೇ ಉಸಿರಾಡುತ್ತಿದ್ದೇವೆ ಎಂದು ತಡವರಿಸಿ ಹೇಳಿದರು. ಒಡತಿ ಪೂರ್ತಿ ನಂಬಲಿಲ್ಲ, ಪೂರ್ತಿ ತಳ್ಳಿಯೂ ಹಾಕಲಿಲ್ಲ. “ಇನ್ನೊಂದು ಸಲ ಬರ್ತೀನಿ. ಯಾವತ್ತು ಅಂತ ಹೇಳಲ್ಲ,” ಎಂದು ಬಾಗಿಲು ಹಾಕಿಕೊಂಡರು.

ಆ ನಂತರದ ದಿನಗಳನ್ನು ನೆನೆದರೆ ಹೆಂಡತಿಗೆ ಈಗಲೂ ನಗು ತಡೆಯಲಾಗದು. ಸೊನ್ನೆಯಣ್ಣ ಮನೆಯನ್ನು ಗಲೀಜು ಮಾಡಲು ಕುಳಿತರು. ಗಲೀಜಿಗೂ ಒಂದು ಕ್ರಮ ಬೇಕಲ್ಲವೇ? ಚಪ್ಪಲಿಗಳನ್ನು ಓರೆ ಇಟ್ಟರು, ನಾಲ್ಕು ಜೊತೆಯೂ ಒಂದೇ ಓರೆ. ಪತ್ರಿಕೆಯನ್ನು ಅರ್ಧ ಬಿಡಿಸಿ ಮೇಜಿನ ಸರಿಯಾದ ನಡುವಿಗೆ ಹಾಕಿದರು. ಒಂದು ಲೋಟವನ್ನು ತೊಳೆದು, ಒರೆಸಿ, ಕುಡಿದಿಟ್ಟಂತೆ ಕಿಟಕಿಯ ಅಂಚಿಗಿಟ್ಟರು. “ಇದೇನು ಗಲೀಜೋ, ಮದುವೆ ಮಂಟಪವೋ?” ಎಂದರು ಹೆಂಡತಿ. ಬೆಳಿಗ್ಗೆ ಎದ್ದವರು ದಿನವೂ ಮತ್ತೆ ಅದನ್ನೆಲ್ಲ ಒರೆಸಿ, ಮತ್ತೆ ಅದೇ ಜಾಗದಲ್ಲಿ ಕೆದರಿ ಕೆಲಸಕ್ಕೆ ಹೋಗುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಒಡತಿ ಬಂದರು. ಮಗಳು ಆಡಲು ಹೋಗಿದ್ದಳು, ಹೆಂಡತಿ ಕೆಲಸದಲ್ಲಿದ್ದರು. ಚಪ್ಪಲಿ ನೋಡಿದರು. ಪತ್ರಿಕೆ ನೋಡಿದರು. ಲೋಟ ಎತ್ತಿ ಒಳಗೆ ಬೆರಳಾಡಿಸಿದರು, ಒಣ. “ಇದೂ ನಾಟಕ,” ಎಂದು ಅದನ್ನು ಇದ್ದಲ್ಲೇ ಇಟ್ಟರು. ಬರುವ ಬೇಸಿಗೆ ಸೊನ್ನೆಯಣ್ಣನ ಕಣ್ಣಿಗೆ ಕಟ್ಟಿತು. ಮತ್ತೆ ಹೆಂಡತಿ ಒಂದು ಕಡೆ, ಮಗಳು ಒಂದು ಕಡೆ.

ನಡೆಯುತ್ತಿರುವುದೇನೆಂದು ತಿಳಿಯದ ಅತ್ತೆ ಮಾತ್ರ, ಮನೆಗೆ ಬಂದವರನ್ನು ಹಾಗೇ ಕಳಿಸುವುದುಂಟೇ ಎಂದು ಟೀ ಮಾಡಲು ಅಡುಗೆಮನೆಗೆ ಹೋದರು. ಪಾತ್ರೆಗಳಿರುವುದು ಸಿಂಕಿನ ಕೆಳಗಿನ ಕಪಾಟಿನಲ್ಲಿ. ಕಡಲ ತೇವಕ್ಕೆ ಅದರ ಬಾಗಿಲು ಉಬ್ಬಿಕೊಂಡಿದೆ, ಎಳೆದರೆ ಜಪ್ಪಯ್ಯ ಎಂದರೂ ಬಾರದು. ಅತ್ತೆ ಎಂದಿನಂತೆ ಹಿಮ್ಮಡಿಯಿಂದ ಅದರ ಎಡಮೂಲೆಗೆ ಒಂದು ಒದೆ ಕೊಟ್ಟರು. ಡಬ್! ಬಾಗಿಲು ತಾನಾಗಿ ತೆರೆಯಿತು.

ಹೊರಟಿದ್ದ ಒಡತಿ ಗಕ್ಕನೆ ನಿಂತರು. “ಏನದು ಸದ್ದು?”

ಕಂಡವರ ಮನೆಯ ಕಪಾಟಿಗೆ ಒದೆಯುವುದೇ? “ತಪ್ಪಾಯ್ತಮ್ಮ, ಅತ್ತೆಗೆ ಗೊತ್ತಾಗಲ್ಲ. ನಾಳೆನೇ ಬಾಗಿಲು ಉಜ್ಜಿ ಸರಿ ಮಾಡ್ತೀನಿ,” ಎಂದು ಸೊನ್ನೆಯಣ್ಣ ಕೈಮುಗಿದರು.

“ಮುಟ್ಟಿದ್ರೆ ನೋಡು!” ಎಂದು ಗದರಿದ ಒಡತಿ ನೇರ ಅಡುಗೆಮನೆಗೆ ನಡೆದರು. ಕಪಾಟಿನ ಬಾಗಿಲು ಮುಚ್ಚಿ, ಅತ್ತೆಗೆ ಮತ್ತೊಮ್ಮೆ ತೆರೆಯುವಂತೆ ಸನ್ನೆ ಮಾಡಿದರು. ಅತ್ತೆ ಒದ್ದರು. ಡಬ್! ಆಮೇಲೆ ಒಡತಿ ತಾವೇ ಬಾಗಿಲು ಮುಚ್ಚಿ, ಗೋಡೆಗೆ ಕೈಯೂರಿ, ಹಿಮ್ಮಡಿಯಿಂದ ಅದೇ ಎಡಮೂಲೆಗೆ ಒದ್ದರು. ಇಬ್ಬರು ಮುದುಕಿಯರು ಮುಖ ಮುಖ ನೋಡಿಕೊಂಡು, ಭಾಷೆಯ ಹಂಗಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಮೂವತ್ತು ವರ್ಷ ಒದ್ದಿದ್ದೀನಿ ನಾನು ಇದನ್ನ,” ಎಂದರು ಒಡತಿ, ಕುರ್ಚಿಗೆ ಕೂತು ಕಣ್ಣೊರೆಸಿಕೊಳ್ಳುತ್ತ. “ಎರಡು ದಿನಕ್ಕೆ ಬಂದವರು ಎಳೆದು ಎಳೆದು ಹಿಡಿ ಕಿತ್ತುಹಾಕ್ತಾರೆ. ತಿರುಗಿ ಕೂಡ ನೋಡದೆ ಇಷ್ಟು ಸರಿಯಾಗಿ ಒದೀಬೇಕಾದ್ರೆ, ದಿನಾ ಇಲ್ಲೇ ಬೇಯಿಸಿ ತಿಂದಿರಬೇಕು.” ಟೀ ಕುಡಿದರು. ಚೀಲದಿಂದ ಪತ್ರ ತೆಗೆದು ಸಹಿ ಹಾಕಿದರು.

ಈಗ ಬೇಸಿಗೆ ನೆತ್ತಿಗೇರಿದೆ. ಬೀದಿಯ ತುಂಬ ಗಾಲಿ ಪೆಟ್ಟಿಗೆಗಳ ಗಡಗಡ. ಸೊನ್ನೆಯಣ್ಣನ ಸಂಸಾರ ಮೊದಲ ಬಾರಿಗೆ ಈ ಕಾಲದಲ್ಲಿ ಒಂದೇ ಸೂರಿನಡಿ ಇದೆ. ಆದರೂ ಅವರ ಗೊಂದಲ ಮುಗಿದಿಲ್ಲ. “ಇಷ್ಟು ವರ್ಷ ಒರೆಸಿ ಒರೆಸಿ ಸಿಗದ ಮನೆ, ಅತ್ತೆ ಒಂದು ಸಲ ಒದ್ದಿದ್ದಕ್ಕೆ ಸಿಕ್ಕಿಬಿಡ್ತಲ್ಲ! ಹೇಗೆ ಅಂತ ಈಗಲೂ ನನ್ನ ತಲೆಗೆ ಹತ್ತಿಲ್ಲ,” ಎನ್ನುತ್ತಾರೆ. ಮನೆಯಲ್ಲಿ ಕೈ ಸುಮ್ಮನಿರದೆ ಏನನ್ನಾದರೂ ಮಡಚಲು ಹೋದರೆ ಹೆಂಡತಿ ಗದರುತ್ತಾರೆ, ಮಗಳು ಬೇಕೆಂದೇ ಮತ್ತೆ ಕೆದರುತ್ತಾಳೆ. ಎಲ್ಲಿಯವರೆಗೆ ಒರೆಸಬೇಕು, ಎಲ್ಲಿ ಬಿಡಬೇಕು ಎಂಬುದು ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ.

ಮೂರನೇ ಮಹಡಿಯ ಕೆಲಸ ಮುಗಿಯಿತು. ಬಾಗಿಲಿಗೆ ಬೀಗ ಜಡಿದು, ಬಕೆಟ್ಟು ಎತ್ತಿಕೊಂಡು, ಮೆಟ್ಟಿಲಿಳಿಯುವ ಮುನ್ನ, ಇಷ್ಟು ಹೊತ್ತು ಕಥೆ ಕೇಳುತ್ತಿದ್ದ ನನ್ನತ್ತ ತಿರುಗುತ್ತಾರೆ. ಹೇಳುವುದೋ ಬೇಡವೋ ಎಂಬಂತೆ ಮುಖ ಕೆಂಪಗಾಗುತ್ತದೆ.

“ಬಿಡುವಾದಾಗ ನಮ್ಮನೆಗೂ ಬನ್ನಿ,” ಎನ್ನುತ್ತಾರೆ. “ಕೂತ್ಕೊಳ್ಳೋಕೆ ಕುರ್ಚಿ ಮೇಲಿನ ಬಟ್ಟೆ ಎತ್ತಿಡಬೇಕಾಗುತ್ತೆ, ಅಷ್ಟೇ.”