ಪಕ್ಕದ ಮನೆಯ ಅಜ್ಜಿಯ ‘ದೂರ್’

ಮೇರಿಲ್ಯಾಂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿಯನ್ನು ಯಾರಾದರೂ ಇಂಗ್ಲೆಂಡಿನವರಾ ಎಂದು ಕೇಳಿದರೆ ರೇಗುತ್ತಿದ್ದರು. ಅವರು ವೇಲ್ಸ್‌ನ ಪಶ್ಚಿಮ ಕರಾವಳಿಯ ಕೆರೆಡಿಗ್ಯೋನ್ ಎಂಬ ಸೀಮೆಯವರು. ಹೆಸರಲ್ಲೇ ಕೆರೆ ಇಟ್ಟುಕೊಂಡಿದ್ದೀರಲ್ಲ ಎಂದು ನಾನು ಛೇಡಿಸುತ್ತಿದ್ದೆ. ನಾನು ಕುಮಟಾದವಳು, ಸಮುದ್ರದ ವಿಷಯದಲ್ಲಿ ಯಾರಿಗೂ ಸೋಲುವವಳಲ್ಲ. ನಾನು ಬಂಗಡೆ ಎಂದರೆ ಅವರು ಹೆರಿಂಗ್ ಎನ್ನುವರು. ಹೀಗೆ ಬೇಲಿಯ ಬಳಿ ನಿಂತು ಇಬ್ಬರೂ ಜಂಬ ಕೊಚ್ಚುತ್ತಿದ್ದೆವು. ಅವರ ಕಡೆಯವರು ಹಿಂದೆ ಹೆಬ್ಬಾತುಗಳ ಪಾದಕ್ಕೆ ಡಾಂಬರು ಮೆತ್ತಿ, ದೂರದ ಇಂಗ್ಲೆಂಡಿನ ಸಂತೆಗಳವರೆಗೆ ನಡೆಸಿಕೊಂಡೇ ಹೋಗುತ್ತಿದ್ದರಂತೆ. ಅವರ ಕೊಲ್ಲಿಯ ತಳದಲ್ಲಿ ಒಂದು ರಾಜ್ಯವೇ ಮುಳುಗಿದೆಯಂತೆ. ಕಾವಲುಗಾರ ಕುಡಿದು ಮಲಗಿ, ತೂಬಿನ ಬಾಗಿಲು ಮುಚ್ಚಲು ಮರೆತನಂತೆ. ಬುರುಡೆ ಬಿಡಬೇಡಿ ಎಂದೆ. ಸಮುದ್ರ ಇಳಿದಾಗ ಮರಳಿನಲ್ಲಿ ಹಳೇ ಕಾಡಿನ ಬೊಡ್ಡೆಗಳು ಕಾಣುತ್ತವೆ, ಬಂದು ನೋಡು ಎಂದು ನನ್ನ ಬಾಯಿ ಮುಚ್ಚಿಸಿದರು.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಬೆಳಿಗ್ಗೆ ಹೋಗಿ ನೋಡಿದರೆ ಅಜ್ಜಿ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಾರೆ. ಆಂಬುಲೆನ್ಸ್ ಕರೆಸಿದವಳು ನಾನೇ. ಲಕ್ವ ಹೊಡೆದಿತ್ತು. ಎಚ್ಚರವಾದ ಮೇಲೆ ಅವರ ಬಾಯಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಉಳಿದಿರಲಿಲ್ಲ. ಬೇರೆ ಏನೋ ಮಾತು, ಯಾರಿಗೂ ಅರ್ಥವಾಗದು. ಅವರ ಒಬ್ಬನೇ ಮಗ ಅಟ್ಲಾಂಟಾದಿಂದ ಓಡಿಬಂದ. ಅವನಿಗೂ ಅರ್ಥವಾಗಲಿಲ್ಲ. ಚಿಕ್ಕಂದಿನಲ್ಲಿ ತಾಯಿ ತಮ್ಮೂರಿನ ವೆಲ್ಷ್ ಭಾಷೆಯಲ್ಲಿ ಕರೆದರೆ ಇಂಗ್ಲಿಷಿನಲ್ಲಿ ಓಗೊಟ್ಟು ಬೆಳೆದವನು ಅವನು, ಥೇಟ್ ನನ್ನ ಮಗಳ ಹಾಗೆ.

ಇವತ್ತು ಯಾವ ವಾರ, ಈಗಿನ ಪ್ರೆಸಿಡೆಂಟ್ ಯಾರು ಎಂದು ಡಾಕ್ಟರ್ ಕೇಳಿದರು. ಬಂದ ಉತ್ತರವನ್ನೆಲ್ಲ ಬಡಬಡಿಕೆ ಎಂದುಕೊಂಡರು. ಬುದ್ಧಿ ಸ್ತಿಮಿತದಲ್ಲಿಲ್ಲ, ಬೀಗ ಹಾಕಿದ ವಾರ್ಡ್ ಇರುವ ಕಡೆ ಇಡುವುದು ಒಳ್ಳೆಯದು ಎಂದರು. ಮಗ ಅಟ್ಲಾಂಟಾದಲ್ಲಿ ಅಂಥದ್ದೊಂದು ಜಾಗ ಗೊತ್ತುಮಾಡಿದ. ಇದು ಹುಚ್ಚಲ್ಲ, ಅವರ ಭಾಷೆ ಎಂದು ನಾನು ಜಗಳಕ್ಕೇ ನಿಂತೆ. ನಿಮಗೆ ಆ ಭಾಷೆ ಬರುತ್ತದೆಯೇ ಎಂದು ಡಾಕ್ಟರ್ ಕೇಳಿದರು. ಬರುವುದಿಲ್ಲ. ಮೈಯೆಲ್ಲ ಉರಿದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ನನ್ನವರದು ಬೇರೆ ಉಪದೇಶ. “ಅದು ಅವರ ಫ್ಯಾಮಿಲಿ ಮ್ಯಾಟರ್ ಕಣೆ, ನೀನ್ಯಾಕೆ ಇಂಟರ್‌ಫಿಯರ್ ಮಾಡ್ತೀಯ?”

ನಾಳೆ ಕರೆದೊಯ್ಯುತ್ತಾರೆ ಎನ್ನುವಾಗ ಮತ್ತೆ ಆಸ್ಪತ್ರೆಗೆ ಹೋದೆ. ಅಜ್ಜಿ ನನ್ನನ್ನೇ ನೋಡುತ್ತ “ದೂರ್, ದೂರ್” ಎಂದರು. ನರ್ಸ್‌ಗೆ ಅದು ಇಂಗ್ಲಿಷಿನ ಡೋರ್ ಎಂದು ಕೇಳಿಸಿರಬೇಕು, ಹೋಗಿ ಬಾಗಿಲು ಮುಚ್ಚಿದಳು. ನನಗೆ ಕೇಳಿಸಿದ್ದು ನಮ್ಮ ದೂರ. ಕುರ್ಚಿಯನ್ನು ಹಿಂದಕ್ಕೆಳೆದೆ. ಅವರು ತಲೆ ಆಡಿಸಿ ಇನ್ನೂ ಜೋರಾಗಿ ಅದನ್ನೇ ಹೇಳಿದರು. ನರ್ಸ್ ಬಾಗಿಲು ತೆರೆದಳು, ನಾನು ಗೋಡೆಗೆ ಅಂಟಿದೆ. ಇವರಿಗಾಗಿ ಊರ ಜಗಳ ಮೈಮೇಲೆ ಹಾಕಿಕೊಂಡರೆ ನನ್ನನ್ನೇ ದೂರ ಹೋಗು ಅನ್ನುತ್ತಾರಲ್ಲ ಎಂದು ಅಳು ಬಂತು. ಅಜ್ಜಿ ಮಂಚದ ಕಂಬಿಯನ್ನು ಬಡಿದು, ಒಡೆದ ತುಟಿಯ ಮೇಲೆ ನಾಲಿಗೆ ಆಡಿಸಿದರು.

ಆಗ ಹೊಳೆಯಿತು. ಮುಳುಗಿದ ರಾಜ್ಯದ ಕಥೆ ಹೇಳುವಾಗ, ತೆರೆದ ತೂಬಿನಿಂದ ‘ದೂರ್’ ನುಗ್ಗಿತು ಎಂದು ಅಜ್ಜಿ ತಮ್ಮ ಭಾಷೆಯ ಪದವನ್ನೇ ಬಳಸಿದ್ದರು. ಅಯ್ಯೋ ರಾಮ, ನೀರು! ನರ್ಸ್ ಸ್ಪಂಜು ಅದ್ದಿ ತುಟಿಗೆ ಹಿಡಿದಳು. ಅಜ್ಜಿ ಅದನ್ನು ಹಸುಗೂಸಿನ ಹಾಗೆ ಚೀಪಿದರು.

ಒಂದು ಪದದಿಂದ ಏನೂ ತೀರ್ಮಾನ ಆಗದು ಎಂದರು ಡಾಕ್ಟರ್. ಸರಿ, ಹಾಗಾದರೆ ನೂರು ಪದ ಕೇಳಿ ಎಂದು ನಾನು ಫೋನ್ ಎತ್ತಿದೆ. ನಾವು ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಭಜನೆಗೆ ಹೋಗುವ ಹಾಗೆ ಅಜ್ಜಿ ವಾಷಿಂಗ್ಟನ್ನಿನಲ್ಲಿ ವೆಲ್ಷ್ ಪ್ರಾರ್ಥನಾಗೀತೆ ಹಾಡಲು ಹೋಗುತ್ತಿದ್ದರು. ಅವರನ್ನು ಕರೆದೊಯ್ಯುತ್ತಿದ್ದ ಮುದುಕರೊಬ್ಬರ ನಂಬರ್ ನನ್ನಲ್ಲಿತ್ತು. ಅವರು ಸಿಕ್ಕಿದ್ದೇ ರಿಸೀವರನ್ನು ಅಜ್ಜಿಯ ಕಿವಿಗೆ ಹಿಡಿದೆ. ಅಜ್ಜಿ ತಡವರಿಸುತ್ತ ಮಾತಾಡಿದರು, ಕೇಳಿಸಿಕೊಂಡರು, ಮತ್ತೆ ಮಾತಾಡಿದರು. ಮಗ ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದ.

ನಾನು ರಿಸೀವರ್ ತೆಗೆದುಕೊಂಡೆ. ಆ ಕಡೆಯ ಮುದುಕರು, ಮಾತು ನಿಧಾನ, ಆದರೆ ಬುದ್ಧಿ ನೆಟ್ಟಗಿದೆ ಎಂದರು. ಆಮೇಲೆ ಹೇಳಿದ್ದನ್ನು ನಾನು ಮಗನಿಗೆ ಹಾಗೇ ದಾಟಿಸಿದೆ. ಮೆತ್ತಗೆ ಮಾಡಿ ಹೇಳಲು ನನಗೆ ಬರುವುದಿಲ್ಲ.

“ನನ್ನ ಮಗ ಇಲ್ಲೇ ಇದ್ದಾನೆ, ನಾನು ಎಷ್ಟು ಕರೆದರೂ ಯಾಕೆ ಮಾತಾಡ್ತಿಲ್ಲ, ನನ್ನ ಮೇಲೆ ಕೋಪಾನಾ ಅಂತ ಕೇಳ್ತಿದ್ದಾರೆ.”

ಅವನು ನನ್ನ ಕೈಯಿಂದ ಫೋನ್ ಇಸಿದುಕೊಂಡು, ಅಮ್ಮಾ ನಾನು ಇಲ್ಲೇ ಇದ್ದೇನೆ ಅನ್ನುವುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳಿದ. ಮಂಚದ ಪಕ್ಕ ಮಂಡಿಯೂರಿ ಅದನ್ನು ಹೇಗೋ ಉಚ್ಚರಿಸಿದ. ಅಜ್ಜಿ ಹುಬ್ಬು ಗಂಟಿಕ್ಕಿದರು. ಒಂದು ಪದವನ್ನು ಬಿಡಿಸಿ ಬಿಡಿಸಿ ತಿದ್ದಿ, ಇನ್ನೊಮ್ಮೆ ಹೇಳು ಎನ್ನುವಂತೆ ಬೆರಳಾಡಿಸಿದರು. ಅಟ್ಲಾಂಟಾದ ಏರ್ಪಾಡು ಈಗ ಬೇಡ ಎಂದು ಡಾಕ್ಟರ್ ಬಾಗಿಲಲ್ಲಿ ನಿಂತು ಹೇಳುವಾಗಲೂ ಅವನು ಆ ಪದವನ್ನು ತಪ್ಪುತ್ತಲೇ ಇದ್ದ.