ಜಾಮ್ ಆದ ಲಿವರ್

ನಾನು ಕುಳ್ಳಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಮುಂದಿನ ಮಾತಿಗೆಲ್ಲ ಈ ಕುಳ್ಳತನವೇ ಆಧಾರ. ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದಷ್ಟೂ ಕಾಲ ಕಪ್ಪುಹಲಗೆಯ ಮೇಲರ್ಧಕ್ಕೆ ನನ್ನ ಕೈ ನಿಲುಕಿದ್ದಿಲ್ಲ. ಬಸ್ಸಿನ ಮೇಲುಗಡೆಯ ಕಂಬಿ ನನ್ನ ಪಾಲಿಗೆ ಅಲಂಕಾರದ ವಸ್ತು. ಮಗಳು ವಿನುತಾ ಮಾತ್ರ ಅವರಪ್ಪನ ಹಾಗೆ ಉದ್ದ. ಹೈಸ್ಕೂಲು ಮುಗಿಸುವಷ್ಟರಲ್ಲಿ ಹಿಂದಿನಿಂದ ಬಂದು ನನ್ನ ನೆತ್ತಿಯ ಮೇಲೆ ಗದ್ದ ಊರಿ, "ಅಮ್ಮ, ನೀನು ನಂಗೆ ಒಳ್ಳೆ ಸ್ಟ್ಯಾಂಡು" ಎನ್ನುತ್ತಿದ್ದಳು. ಆ ಗದ್ದದ ಭಾರ ನನ್ನ ನೆತ್ತಿಗೆ ಇನ್ನೂ ಗೊತ್ತು. ಹೋದ ವರ್ಷ ಶ್ರಾವಣದಲ್ಲಿ ಡೆಂಗಿ ಜ್ವರ ಬಂದು ಅವಳು ಹೋಗಿಬಿಟ್ಟಳು. ಅವಳ ಮಕ್ಕಳಲ್ಲಿ ಹಿರಿಯವಳು ಪುಟ್ಟಿ ಆಗಷ್ಟೇ ಸ್ಕೂಲಿಗೆ ಸೇರಿದ್ದಳು. ಕಿರಿಯವನು ಚಿನ್ನುವಿಗೆ ಇನ್ನೂ ಕತ್ತು ನಿಂತಿರಲಿಲ್ಲ.

ನಾನೊಬ್ಬಳೇ ಇದ್ದ ಬನಶಂಕರಿಯ ಮನೆಗೆ ಬೀಗ ಹಾಕಿ ಜೆ.ಪಿ. ನಗರಕ್ಕೆ, ಅಳಿಯ ಪ್ರಶಾಂತನ ಫ್ಲ್ಯಾಟಿಗೆ ಬಂದೆ. ಮಕ್ಕಳನ್ನು ನೋಡಿಕೊಳ್ಳಲು ಬಂದೆ ಎಂದು ಜನಕ್ಕೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಆ ಮಕ್ಕಳು ನನ್ನನ್ನು ನೋಡಿಕೊಂಡವು.

ಪ್ರಶಾಂತನದು ಸಣ್ಣ ಕಾರು. ಅದರಲ್ಲಿ ನಮ್ಮ ಜಾಗಗಳು ಯಾರೂ ಹೇಳದೆಯೇ ನಿಶ್ಚಯವಾಗಿ ಹೋಗಿದ್ದವು. ಸ್ಟಿಯರಿಂಗ್ ಮುಂದೆ ಅವನು. ಅವನ ಬೆನ್ನ ಹಿಂದೆ ಪುಟ್ಟಿಯ ಮಕ್ಕಳ ಸೀಟು. ಎಡಕ್ಕೆ ಹಿಂದುಗಡೆ ನಾನು, ನನ್ನ ಮಡಿಲಲ್ಲಿ ಚಿನ್ನು. ಮುಂದಿನ ಎಡಗಡೆ ಸೀಟು ಖಾಲಿ. ಅದು ವಿನುತಾಳ ಜಾಗ. ಉದ್ದ ಕಾಲಿನವಳು ಅದನ್ನು ಪೂರ್ತಿ ಹಿಂದಕ್ಕೆ ನೂಕಿ, ಬೆನ್ನನ್ನು ಸ್ವಲ್ಪ ವಾಲಿಸಿಕೊಂಡು ಕೂರುತ್ತಿದ್ದಳು. ಅದು ಹಾಗೆಯೇ ಇತ್ತು. ತಲೆಸುತ್ತಿಗೆಂದು ಅವಳು ಇಟ್ಟುಕೊಂಡಿದ್ದ ಶುಂಠಿ ಪೆಪ್ಪರಮೆಂಟು ಆ ಬಾಗಿಲಿನ ಸಂದಿಯಲ್ಲಿ ಹಾಗೇ ಅಂಟಿಕೊಂಡಿತ್ತು. ಆ ಸೀಟಿನ ಮೇಲೆ ನಾವು ತರಕಾರಿ ಚೀಲವನ್ನೂ ಇಡುತ್ತಿರಲಿಲ್ಲ. ಅದು ಹಿಂದಕ್ಕೆ ಚಾಚಿಕೊಂಡು ಬಿಟ್ಟಿದ್ದ ಅಷ್ಟಗಲ ಜಾಗದಲ್ಲಿ ಬೇರೆಯವರಾಗಿದ್ದರೆ ಮಂಡಿ ಮಡಚಿ ಒದ್ದಾಡಬೇಕಿತ್ತು. ಕುಳ್ಳಿಯಾದ ನಾನು ಸಲೀಸಾಗಿ ಹಿಡಿಸುತ್ತಿದ್ದೆ.

ನಮ್ಮ ಜನಕ್ಕೆ ಮಗುವಿನ ಸೀಟು ಎಂದರೆ ಮಡಿಲೇ. ಗಾಡಿ ಯಾವುದಾದರೂ ಆಗಲಿ, ಎತ್ತಿನದೋ ಬಸ್ಸೋ ಆಟೋನೋ, ಕೂಸಿನ ಜಾಗ ಬದಲಾದದ್ದಿಲ್ಲ. ಮಡಿಲಿಗೆ ನಾವು ಕೊಟ್ಟ ಮರ್ಯಾದೆ ಮತ್ಯಾವ ಅಂಗಕ್ಕೂ ಕೊಟ್ಟಿಲ್ಲ. ಹೆಣ್ಣುಮಗಳು ತವರಿನಿಂದ ಹೊರಡುವಾಗ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಅದನ್ನೇ ತುಂಬಿ ಕಳಿಸುತ್ತೇವೆ. ವಿನುತಾ ಸೀರೆ ಉಡುವವಳಲ್ಲ. ಮಡಿಲಕ್ಕಿ ಕೊಡುವಾಗ ಚೂಡಿದಾರದ ವೇಲನ್ನೇ ಜೋಳಿಗೆ ಮಾಡಿ ಹಿಡಿದು, "ಬೇಗ ಹಾಕಮ್ಮ, ಕಾರು ಡಬಲ್ ಪಾರ್ಕಿಂಗ್ ಮಾಡಿದೀವಿ" ಎಂದು ಅವಸರ ಮಾಡುತ್ತಿದ್ದಳು. ಹೀಗಾಗಿ, ಮಡಿಲೊಂದು ಇರುವ ತನಕ ಚಿನ್ನುವಿಗೆ ಬೇರೆ ಸೀಟು ಯಾಕೆ ಎಂದು ನಾನು ವಾದ ಮಾಡುತ್ತಿದ್ದೆ. ಸಾರಕ್ಕಿ ಸಿಗ್ನಲ್ ಹತ್ತಿರ ಬೈಕೊಂದು ಅಡ್ಡ ಬಂದು ಪ್ರಶಾಂತ ಜೋರಾಗಿ ಬ್ರೇಕ್ ಹಾಕಿದ ದಿನ ಆ ವಾದ ಮುಗಿಯಿತು. ಚಿನ್ನು ನನ್ನ ಕೈಯಿಂದ ಜಾರಿ ಮುಂದಿನ ಸೀಟಿನ ಬೆನ್ನಿಗೆ ಹಣೆ ಚಚ್ಚಿಕೊಂಡ. ಅವನಿಗೆ ಆದದ್ದು ಕಡಲೆಕಾಳಿನಷ್ಟು ಬುಗುಟು. ಮನೆಗೆ ಬರುವವರೆಗೂ ನಾನು ಅವನ ಹಣೆಯಿಂದ ಕೈ ತೆಗೆಯಲಿಲ್ಲ. ಇನ್ನೊಂದು ಮಗುವನ್ನು ನನ್ನ ಕೈಯಾರೆ ಕಳೆದುಕೊಳ್ಳುವ ಶಕ್ತಿ ನನಗಿಲ್ಲ.

ಎರಡನೇ ಸೀಟು ಬಂತು. ದೊಡ್ಡ ತೊಟ್ಟಿಲಿನಂಥ ವಸ್ತು. ಎಳೆಯ ಮಗು ಹಿಂದಕ್ಕೆ ಮುಖ ಮಾಡಿ ಕೂರಬೇಕಂತೆ, ಎದುರಿಗೆ ಏನಾದರೂ ಬಡಿದರೆ ಬೆನ್ನು ತಡೆದುಕೊಳ್ಳುತ್ತದಂತೆ. ಇನ್ನು ಇದನ್ನು ಇಡುವುದೆಲ್ಲಿ? ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಂದು ಭಾನುವಾರವಿಡೀ ಇದೇ ಚರ್ಚೆ. ಎದುರು ಫ್ಲ್ಯಾಟಿನ ಶ್ರೀಕಂಠಯ್ಯನವರು ನಿವೃತ್ತ ಇಂಜಿನಿಯರು. ಅವರ ನಿವೃತ್ತಿ ಕಾಗದದ ಮೇಲೆ ಮಾತ್ರ. ಯಾರ ಮನೆಯಲ್ಲಿ ಮೊಳೆ ಹೊಡೆದರೂ ಟೇಪು ಹಿಡಿದು ಹಾಜರು. ಅವರೂ ಬಂದರು.

ಪ್ರಶಾಂತನ ಹಿಂದೆ ಇಟ್ಟು ನೋಡಿದೆವು. ಅವನೂ ಉದ್ದದ ಆಳು. ಸೀಟು ಹಿಡಿಸಲೆಂದು ತನ್ನದನ್ನು ಮುಂದಕ್ಕೆ ಎಳೆದುಕೊಂಡು, ಗದ್ದ ಸ್ಟಿಯರಿಂಗಿಗೆ ತಾಗುವಂತೆ ಕುಳಿತು ಬೇಸ್‌ಮೆಂಟಿನಲ್ಲೇ ಒಂದು ಸುತ್ತು ಹೊಡೆದು, ಕಂಬಕ್ಕೆ ಕನ್ನಡಿ ಉಜ್ಜಿಕೊಂಡು ಬಂದ. ನಡುವೆ ಇಟ್ಟೆವು. ಅಲ್ಲಿ ಸೊಂಟದ ಬೆಲ್ಟು ಮಾತ್ರ ಇದ್ದದ್ದರಿಂದ ಸೀಟು ಕೂತಲ್ಲೇ ಕುಣಿಯಿತು. ಎಡಕ್ಕೆ ಇಟ್ಟರೆ ವಿನುತಾಳ ಸೀಟಿನ ಬೆನ್ನಿಗೆ ತಗುಲಿ ಅರ್ಧದಲ್ಲೇ ನಿಂತಿತು. ಶ್ರೀಕಂಠಯ್ಯನವರು ಟೇಪು ಮಡಚಿದರು.

"ಇಷ್ಟಕ್ಕೆ ಇಷ್ಟೊಂದ್ ಒದ್ದಾಡ್ತಿದೀರಾ? ಈ ಮುಂದಿನ್ ಸೀಟು ಒಂದು ಗೇಣು ಮುಂದಕ್ ಎಳುದ್ರೆ ಮುಗೀತು!"

ಅದು ನಮಗೆ ಗೊತ್ತಿರಲಿಲ್ಲವೆ? ಮೊದಲ ಕ್ಷಣದಿಂದಲೂ ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಉಳಿದ ಮೂಲೆಗಳನ್ನೆಲ್ಲ ಅಳೆಯುತ್ತಿದ್ದೆವು. ಪ್ರಶಾಂತ ಬೇರೆ ಕಡೆ ನೋಡುತ್ತಾ, "ಆ ಲಿವರ್ ಜಾಮ್ ಆಗಿದೆ ಸಾರ್" ಎಂದ.

"ಹೌದು, ಬಹಳ ದಿನದಿಂದ ಜಾಮ್ ಆಗಿದೆ" ಎಂದೆ ನಾನು, ಸೀಟು ಜಾರಿಸುವ ಆ ಲಿವರ್ ಎಲ್ಲಿರುತ್ತದೆ ಎಂಬುದೂ ಗೊತ್ತಿಲ್ಲದ ನಾನು. ಅತ್ತೆಯೂ ಅಳಿಯನೂ ಅಷ್ಟು ಹೊಂದಾಣಿಕೆಯಿಂದ ಸುಳ್ಳು ಹೇಳಿದ್ದು ಅದೇ ಮೊದಲು. ಶ್ರೀಕಂಠಯ್ಯನವರು ಬಗ್ಗಿ ನೋಡಲು ಹೊರಟರು. ನಾನು ಕಾಫಿಗೆ ಕರೆದು ತಪ್ಪಿಸಿದೆ.

ಮೇಲೆ ಬಂದ ಮೇಲೆ ಪ್ರಶಾಂತ, "ಅತ್ತೆ, ಕಾರೇ ಬದಲಾಯಿಸಿಬಿಡ್ತೀನಿ. ದೊಡ್ಡದು ತಗೊಳೋಣ" ಎಂದ. ಕಾರು ಮಾರಿದರೆ ಆ ಸೀಟೂ ಅದರ ಜೊತೆ ಹೋಗುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು, ಹೇಳುವ ಧೈರ್ಯ ಬರಲಿಲ್ಲ. ಚಿನ್ನು ಅಲ್ಲಿಯ ತನಕ ಮನೆಯಲ್ಲೇ ಉಳಿದ. ಅವನಿಗಾಗಿ ತಂದ ಸೀಟು ಹಾಲ್‌ನ ಮೂಲೆಯಲ್ಲಿ ಕೂತಿತ್ತು, ಪುಟ್ಟಿಯ ಗೊಂಬೆಗಳನ್ನು ಕೂರಿಸಿಕೊಂಡು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅದು ಹಿರಿಯರ ಹಬ್ಬ. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆ ಎಲೆಯಲ್ಲಿ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಬಂದು ಉಣ್ಣುವಷ್ಟು ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಒಳಗೆ ಹೋಗಬೇಕು. ಮಗಳು ಹಿರಿಯಳಾಗುವುದು, ತಾಯಿ ಎಡೆ ಇಡುವುದು! ಈ ಹಬ್ಬ ಮಾಡಿದವರು ಇಂಥ ತಿರುವುಮುರುವನ್ನು ಯೋಚಿಸಿರಲಿಕ್ಕಿಲ್ಲ. ವಡೆ, ಪಾಯಸ, ಕಡಲೆ ಹುಸಲಿ ಎಲ್ಲ ಮಾಡಿದೆ. ಅವುಗಳ ಪಕ್ಕದಲ್ಲಿ ಅವಳಿಗೆ ಪ್ರಾಣವಾಗಿದ್ದ ನೂಡಲ್ಸನ್ನೂ ಬಡಿಸಿದೆ. ನಮ್ಮಮ್ಮ ಇದ್ದಿದ್ದರೆ ಶಾಸ್ತ್ರ ಕೆಟ್ಟಿತು ಎನ್ನುತ್ತಿದ್ದಳು.

ಹಳ್ಳಿಯಲ್ಲಾದರೆ ಹೊರಗೆ ನಿಲ್ಲಲು ಜಗಲಿ ಇರುತ್ತದೆ. ಇಲ್ಲಿ ನಾವು ನಾಲ್ವರೂ ಲಿಫ್ಟಿನ ಎದುರು ಚಪ್ಪಲಿ ಸ್ಟ್ಯಾಂಡಿಗೆ ಒರಗಿ ನಿಂತೆವು. ಶ್ರೀಕಂಠಯ್ಯನವರು ಬಾಗಿಲು ತೆರೆದು, "ಏನ್ ಮೇಡಂ, ಕೀ ಒಳಗೇ ಬಿಟ್ಬಿಟ್ರಾ?" ಎಂದರು.

"ಇಲ್ಲ ಸಾರ್, ಒಳಗೆ ಮಗಳು ಊಟ ಮಾಡ್ತಿದಾಳೆ" ಎಂದೆ. ಬಾಯಿಂದ ಬಂದುಬಿಟ್ಟಿತು. ಅವರು ಒಂದು ನಿಮಿಷ ನಮ್ಮನ್ನೆಲ್ಲ ನೋಡಿ, ಕೈ ಮುಗಿದು, ಸದ್ದಾಗದಂತೆ ಬಾಗಿಲು ಹಾಕಿಕೊಂಡರು.

ಪ್ರಶಾಂತ ಕೆಮ್ಮಿದ. ಒಳಗೆ ಹೋದೆವು. ಧೂಪದ ಹೊಗೆ ಇಳಿಯುತ್ತಿತ್ತು. ಎಲೆ ಬಡಿಸಿದಂತೆಯೇ ಇತ್ತು. ಹಾಗೆಯೇ ಇರುತ್ತದೆ ಎಂದು ಗೊತ್ತಿದ್ದರೂ ನನ್ನ ಕಣ್ಣು ನೂಡಲ್ಸ್ ಕಡೆಗೆ ಹೋಯಿತು, ಸ್ವಲ್ಪವಾದರೂ ಕಡಿಮೆಯಾಗಿದೆಯೇ ಎಂದು. ಆಗಿರಲಿಲ್ಲ. ಎಡೆ ಇಟ್ಟದ್ದನ್ನು ಮನೆಯವರೇ ಕೂತು ಉಣ್ಣುವುದು ಪದ್ಧತಿ. ಪುಟ್ಟಿಗೆ ಹಸಿವಾಗಿತ್ತು. ಅಮ್ಮನ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಅಜ್ಜಿ, ಸಾಸ್ ಇಲ್ವಾ?" ಎಂದಳು. ಪ್ರಶಾಂತ ಸಾಸ್ ತಂದು ಹಾಕಿದ. ಅವಳು ತಿಂದಳು. ಚಿನ್ನು ಪಾಯಸದೊಳಗೆ ಕೈ ಇಟ್ಟ.

ನಾನು ಅದನ್ನೇ ನೋಡುತ್ತಾ ಕೂತೆ. ನಮ್ಮ ಹಿರಿಯರು ಹೋದವರಿಗೆ ಜಾಗ ಇಡುವುದನ್ನು ಹೇಳಿಕೊಟ್ಟರು. ಎಷ್ಟು ಹೊತ್ತು ಇಡಬೇಕು ಎಂಬುದನ್ನೂ ಹೇಳಿಕೊಟ್ಟಿದ್ದರು. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಕಾಯಿ, ಆಮೇಲೆ ಕೆಮ್ಮಿ ಒಳಗೆ ಬಾ, ಅದೇ ಎಲೆಯಲ್ಲಿ ಮಕ್ಕಳಿಗೆ ಬಡಿಸು. ಎಲೆಯನ್ನು ಹಾಗೇ ಒಣಗಲು ಬಿಡು ಎಂದು ಯಾರೂ ಹೇಳಿರಲಿಲ್ಲ. ನಾವು ಮಾತ್ರ ಒಂದು ವರ್ಷದಿಂದ ಕಾರಿನ ಹೊರಗೆ ನಿಂತು ಕಾಯುತ್ತಿದ್ದೆವು.

ಸಂಜೆ ತಲಘಟ್ಟಪುರಕ್ಕೆ ಹೋಗಬೇಕಿತ್ತು. ಅದು ನನ್ನ ತವರು, ಅಣ್ಣನ ಮನೆಯಲ್ಲಿ ಅಪ್ಪ ಅಮ್ಮನಿಗೆ ಎಡೆ. ಚಿನ್ನುವಿನ ಸೀಟನ್ನು ನಾನೇ ತಬ್ಬಿಕೊಂಡು ಲಿಫ್ಟಿನಲ್ಲಿ ಕೆಳಗೆ ತಂದೆ. ಅದರ ಹಿಂದೆ ನಾನು ಕಾಣುತ್ತಲೇ ಇರಲಿಲ್ಲವಂತೆ, ಸೀಟೇ ನಡೆದು ಬಂದ ಹಾಗಿತ್ತು ಎಂದು ಪುಟ್ಟಿ ಆಮೇಲೆ ಎಲ್ಲರಿಗೂ ಹೇಳಿದಳು. ಕಾರಿನ ಹತ್ತಿರ ಅದನ್ನು ಇಳಿಸಿ, "ಪ್ರಶಾಂತ, ನಾನು ಮುಂದೆ ಕೂತ್ಕೊಳ್ಲಾ?" ಎಂದೆ.

ಅವನು ಕೀಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಬೇಡ ಎಂದರೆ ನಾನು ಮತ್ತೊಮ್ಮೆ ಕೇಳುತ್ತಿರಲಿಲ್ಲ. ಕೊನೆಗೆ, "ಅಷ್ಟು ಹಿಂದಿದೆ, ನಿಮ್ ಕಾಲು ನಿಲುಕಲ್ಲ ಅತ್ತೆ" ಎಂದ.

"ನಿಲುಕಲ್ಲ. ಅದಕ್ಕೇ ಮುಂದಕ್ಕೆ ಎಳ್ಕೊಡಪ್ಪ."

ಅವನು ಬಾಗಿಲು ತೆಗೆದ. ಆಮೇಲೆ ಏನೋ ನೆನಪಾದವನಂತೆ ಪುಟ್ಟಿಯ ಬ್ಯಾಗಿನಿಂದ ನೇರಳೆ ಬಣ್ಣದ ಸ್ಕೆಚ್ ಪೆನ್ನು ತೆಗೆದು, ಮಂಡಿಯೂರಿ ಬಗ್ಗಿ, ಸೀಟು ಜಾರುವ ಹಳಿಯ ಪಕ್ಕದಲ್ಲಿ ಒಂದು ಗೀಟು ಎಳೆದ. ಅವಳು ಬಿಟ್ಟುಹೋದ ಅಳತೆ. ಗೀಟು ಎಳೆಯುವುದಕ್ಕೆ ಅಷ್ಟು ಹೊತ್ತು ಬೇಡ. ಅವನು ತಲೆ ಎತ್ತಲಿಲ್ಲ. ಅವನ ಬೆನ್ನು ಅಲುಗುತ್ತಿತ್ತು. ನಾನು ಅವನ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತೆ. ಎದ್ದು ನಿಂತರೆ ನನಗೆ ನಿಲುಕದ ತಲೆ ಅದು. ಇಬ್ಬರೂ ಅತ್ತೆವು. ಪುಟ್ಟಿ, "ಅಪ್ಪ, ಕ್ಯಾಪ್ ಹಾಕು, ಪೆನ್ನು ಒಣಗೋಗುತ್ತೆ" ಎಂದಳು. ಆಮೇಲೆ ಅವನು ಲಿವರ್ ಎತ್ತಿದ. ಸೀಟು ಚೂರೂ ಸದ್ದಿಲ್ಲದೆ ಮುಂದಕ್ಕೆ ಬಂತು.

ಈಗ ನಮ್ಮ ವ್ಯವಸ್ಥೆ ಹೀಗೆ: ಬಲಕ್ಕೆ ಪುಟ್ಟಿ, ಎಡಕ್ಕೆ ಹಿಂದು ಮುಂದಾಗಿ ಚಿನ್ನು, ನಡುವೆ ಡೈಪರ್ ಚೀಲ, ಮುಂದೆ ನಾನು. ತಲೆಸುತ್ತು ಬಂದರೆ ಬಾಗಿಲ ಸಂದಿಯ ಶುಂಠಿ ಪೆಪ್ಪರಮೆಂಟನ್ನೇ ಬಿಡಿಸಿ ತಿನ್ನುತ್ತೇನೆ. ಮರುದಿನ ಶ್ರೀಕಂಠಯ್ಯನವರು ಕಾರಿನೊಳಗೆ ಇಣುಕಿ, "ಲಿವರ್ ಸರಿಹೋಯ್ತಾ?" ಎಂದು ಕೇಳಿದರು. "ಹೋಯ್ತು ಸಾರ್" ಎಂದ ಪ್ರಶಾಂತ. ಈ ಸಲ ಅವರು ಬಗ್ಗಿ ನೋಡಲು ಹೊರಡಲಿಲ್ಲ. ಅವರಿಗೆ ಆ ಭಾನುವಾರವೇ ಗೊತ್ತಾಗಿತ್ತೋ ಏನೋ.

ಪುಟ್ಟಿಗೆ ಅವಳಮ್ಮನ ಕಾಲು ಬಂದಿದೆ. ಯೂನಿಫಾರ್ಮು ವರ್ಷ ತುಂಬುವ ಮೊದಲೇ ಗಿಡ್ಡವಾಗುತ್ತದೆ. ಈ ಕಾರು ಅಲ್ಲಿಯವರೆಗೆ ಬಾಳಿದರೆ, ನಾನೂ ಬಾಳಿದರೆ, ಒಂದು ದಿನ ಅವಳು ಹಿಂದಿನಿಂದ ಮುಂದಕ್ಕೆ ಬರುತ್ತಾಳೆ. ಕೂತ ತಕ್ಷಣ ಮಂಡಿ ತಗುಲಿಸಿಕೊಂಡು, "ಯಾರು ಇದನ್ನ ಇಷ್ಟು ಮುಂದಕ್ಕೆ ಎಳ್ದಿರೋದು? ಎಲ್ಲಾ ಈ ಅಜ್ಜಿದೇ" ಎಂದು ಬೈದು, ಲಿವರ್ ಎತ್ತಿ ಹಿಂದಕ್ಕೆ ನೂಕುತ್ತಾಳೆ. ಸೀಟು ಆ ನೇರಳೆ ಗೀಟಿನ ಹತ್ತಿರ ಹೋಗಿ ನಿಲ್ಲುತ್ತದೆ. ಅವಳು ಗೀಟನ್ನು ನೋಡಬೇಕಾಗಿಯೂ ಇಲ್ಲ. ಅಲ್ಲಿಯವರೆಗೆ ಅದು ನನ್ನ ಅಳತೆಯಲ್ಲಿರಲಿ.